ಕಪ್ಪೆ ಕಾರನ್ನು ಯಾರೂ ಇಟ್ಟುಕೊಳ್ಳಲಿಲ್ಲ

ಹಳೆಯ ರೇಸ್ ಕಾರುಗಳ ನಕಲು ಮಾಡಿಸಿ, ಅದರೊಳಗೆ ಲಾರಿಗೆ ಸಾಲುವಷ್ಟು ದೊಡ್ಡ ಇಂಜಿನ್ ಕೂರಿಸಿಕೊಂಡವರು ವರ್ಷ ತುಂಬುವ ಮೊದಲೇ ಅದನ್ನು ಮಾರಿಬಿಡುತ್ತಾರೆ. ಯಾಕೆ ಎಂದು ಕೇಳಿ ನೋಡಿ. ಮಳೆ ಒಳಗೆ ಬರುತ್ತದೆ ಎನ್ನುತ್ತಾರೆ. ಪಕ್ಕದ ಹೊಗೆ ಕೊಳವೆಗೆ ಕಾಲು ತಾಗಿ ಸುಟ್ಟಿತು ಎನ್ನುತ್ತಾರೆ. ಎಸ್ಟೇಟ್ ರಸ್ತೆಯಲ್ಲಿ ಹೊಟ್ಟೆ ಉಜ್ಜುತ್ತದೆ, ಹೆಂಡತಿಗೆ ಹತ್ತಿ ಇಳಿಯಲು ಆಗುವುದಿಲ್ಲ, ಬೆನ್ನು ನೋವು. ಎಲ್ಲವೂ ನಿಜವೇ. ಆದರೆ ಮಳೆ ಒಳಗೆ ಬರುವ ಜೀಪನ್ನು ಇದೇ ಜನ ಮೂವತ್ತು ವರ್ಷ ಓಡಿಸುತ್ತಾರೆ. ನನ್ನ ಪ್ರಕಾರ ಕಾರಣ ಒಂದೇ, ಹೆದರಿಕೆ. ಆ ಮಾತು ನಮ್ಮ ಕಾಫಿ ಸೀಮೆಯ ಗಂಡಸರ ಬಾಯಿಂದ ಹೊರಡುವುದಿಲ್ಲ. ನನ್ನ ಬಾಯಿಂದ ಹೊರಡಲು ಹದಿಮೂರು ವರ್ಷ ಬೇಕಾಯಿತು.

ತೊಂಬತ್ತರ ದಶಕದ ನಡುವಿನಲ್ಲಿ ಕಾಫಿಗೆ ನಾವು ಕನಸಿನಲ್ಲೂ ಎಣಿಸದಿದ್ದ ಬೆಲೆ ಬಂತು. ಬಣಕಲ್ ಕಡೆಯ ಪ್ಲಾಂಟರ್ ಒಬ್ಬರು ಕೊಯಮತ್ತೂರಿನಲ್ಲಿ ಹೇಳಿ ಮಾಡಿಸಿ ಆ ಕಾರನ್ನು ತಂದರು. ಫೈಬರ್ ಮೈ, ಎರಡೇ ಸೀಟು, ತಲೆಯ ಮೇಲೆ ಏನೂ ಇಲ್ಲ. ಮುಂದೆ, ಯಾವುದೋ ಹಳೆಯ ವಿದೇಶಿ ಕಾರಿನಿಂದ ಕಿತ್ತು ತಂದ ಎಂಟು ಸಿಲಿಂಡರಿನ ಇಂಜಿನ್. ಬಣ್ಣ ಎಳೆ ಕಾಫಿಕಾಯಿಯ ಹಸಿರು. ನೆಲಕ್ಕೆ ಒತ್ತಿಕೊಂಡು ಕೂರುತ್ತಿದ್ದ ಅದನ್ನು ತೋಟದ ಆಳುಗಳು ಮೊದಲ ದಿನವೇ ಕಪ್ಪೆ ಕಾರು ಎಂದು ಕರೆದರು. ಚಾಲೂ ಮಾಡಿದರೆ ಎದುರು ಗುಡ್ಡದ ದನಗಳು ಓಟ ಕೀಳುತ್ತಿದ್ದವು.

ಅವರು ಅದನ್ನು ಮೂರೇ ತಿಂಗಳಲ್ಲಿ ಮಾರಿದರು. ಕೊಂಡವರು ಮೂಡಿಗೆರೆ ಪೇಟೆಯ ಮಂಡಿ ವ್ಯಾಪಾರಿ, ಅವರ ಹತ್ತಿರ ಎರಡು ತಿಂಗಳಿತ್ತು. ಮೂರನೆಯವರು ಕೊಟ್ಟಿಗೆಹಾರದ ಹತ್ತಿರ ತೋಟ ಇದ್ದ ನಿವೃತ್ತ ಮಿಲಿಟರಿ ಅಧಿಕಾರಿ. ಯುದ್ಧ ನೋಡಿ ಬಂದ ಮನುಷ್ಯ, ಆರು ವಾರಕ್ಕೆ ಕೈ ಮುಗಿದರು. ಹೀಗೆ ಕೈಯಿಂದ ಕೈಗೆ ದಾಟಿ ಬರುವ ಗಾಡಿಯ ಬಗ್ಗೆ ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಆಸೆ. ಆಗ ನನಗೆ ಮೂವತ್ತನಾಲ್ಕು ವರ್ಷ, ಬಾಳೂರಿನ ಆಚೆ ಸಾಧಾರಣ ತೋಟ, ಮೂಗಿನ ತುದಿಯಲ್ಲಿ ಕೋಪ. ಅಧಿಕಾರಿಗಳ ಮನೆಗೆ ಹೋಗಿ ಕೀಲಿ ಕೇಳಿದೆ. ಗಾಡಿಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಕೇಳಲಿಲ್ಲ. ನಮ್ಮ ಕ್ಲಬ್ಬಿನಲ್ಲಿ ಅದೊಂದು ಕಟ್ಟಳೆಯೇ ಇತ್ತು: ಮಾರುವ ಗಾಡಿಯ, ಮಾರುವ ನಾಯಿಯ ಕುಂದು ಕೇಳಬಾರದು. ಕೇಳಿದರೆ ಮಾರುವವರ ಮರ್ಯಾದೆ ತೆಗೆದಂತೆ. ಮಾರಿದ ಮೇಲೆ ಅವರೂ ಆಡಬಾರದು, ಆಡಿದರೆ ಕೊಂಡವರನ್ನು ಪೆದ್ದರೆಂದಂತೆ.

ಗಾಡಿ ಬಂದ ಮರುದಿನ ತೊಳೆಯುತ್ತಿದ್ದ ನಮ್ಮ ಜೀಪಿನ ಡ್ರೈವರ್ ಅಂಗಳದಿಂದ ನನ್ನನ್ನು ಕರೆದ. ಅವನು ನನ್ನ ಅಪ್ಪನ ಕಾಲದಿಂದ ಇದ್ದವನು, ಸುಮ್ಮನೆ ಕರೆಯುವವನಲ್ಲ.

"ಅಯ್ಯಾ, ಇಲ್ಲಿ ನೋಡಿ. ಗಾಡಿ ಹೊಸ್ದು. ಕ್ಲಚ್ಚಿನ ರಬ್ಬರು ಹೊಸ್ದು. ಬ್ರೇಕಿಂದು ಮಾತ್ರ ಹರ್ದು ಚಿಂದಿ ಆಗಿದೆ."

"ಆದ್ರೆ ಎಂತ? ಬೇರೆ ಹಾಕ್ಸು."

"ಹಾಕ್ಸಬೌದು. ಇದನ್ನ ಇಷ್ಟು ತುಳ್ದಿದ್ದು ಯಾಕೆ ಅಂತ."

ನಾನು ಅವನ ಮೇಲೆ ರೇಗಿದೆ. ಅವನು ಬಟ್ಟೆ ಹಿಂಡಿ ಆಚೆ ಹೋದ. ಆಮೇಲೆ ಬಗ್ಗಿ ನೋಡಿದೆ. ಪೆಡಲಿನ ರಬ್ಬರು ಸವೆದಿರಲಿಲ್ಲ, ಹರಿದಿತ್ತು. ಬೂಟಿನ ಹಿಮ್ಮಡಿಯ ಅಚ್ಚು ಒಂದರ ಮೇಲೊಂದು ಕೂತಿತ್ತು.

ಒಂದು ಅಭ್ಯಾಸದ ಬಗ್ಗೆ ಇಲ್ಲಿ ಹೇಳಲೇಬೇಕು. ಇಳಿಜಾರು ಬಂದ ಕೂಡಲೇ ನ್ಯೂಟ್ರಲ್ ಹಾಕಿ, ಇಂಜಿನ್ ಆಫ್ ಮಾಡಿ ಗಾಡಿಯನ್ನು ಹಾಗೇ ಇಳಿಯಬಿಡುವುದು ನಮ್ಮ ಕಡೆಯವರ ರಕ್ತದಲ್ಲೇ ಬಂದದ್ದು. ಎಷ್ಟೇ ಎಕರೆ ಇರಲಿ, ಎಷ್ಟೇ ಬೆಲೆ ಬರಲಿ, ಇಳಿಯುವುದಕ್ಕೂ ಪೆಟ್ರೋಲ್ ಸುಡುವುದೆಂದರೆ ನಮಗೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ. ನನ್ನ ಅಪ್ಪ ಜೀಪಿನಲ್ಲಿ ಹಾಗೇ ಇಳಿಯುತ್ತಿದ್ದರು. ಇಂಜಿನ್ ನಿಂತ ಮೇಲೆ ಹಕ್ಕಿಯ ಸದ್ದು ಕೇಳುತ್ತದೆ ಎಂದು ಅದನ್ನೊಂದು ಸುಖವಾಗಿಯೂ ಹೇಳುತ್ತಿದ್ದರು. ಕಪ್ಪೆ ಕಾರಂತೂ ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತಿತ್ತು.

ನಾಲ್ಕನೆಯ ವಾರ, ಒಂದು ಮಧ್ಯಾಹ್ನ, ಒಬ್ಬನೇ ಕಳಸದ ಕಡೆ ಹೊರಟೆ. ಆ ರಸ್ತೆಗೆ ಆಗ ತಾನೇ ಹೊಸ ಟಾರು ಬಿದ್ದಿತ್ತು. ಬಾಳೂರು ದಾಟಿದ ಮೇಲೆ ಒಂದು ಉದ್ದನೆಯ ಇಳಿಜಾರು. ಎಡಗಡೆ ಪ್ರಪಾತ, ಬಲಗಡೆ ಗೋಡೆಯಂತೆ ಕಡಿದ ಮಣ್ಣಿನ ಧರೆ. ತುದಿಯಲ್ಲಿ ರಸ್ತೆ ಗಕ್ಕನೆ ಎಡಕ್ಕೆ ತಿರುಗುತ್ತದೆ. ತಿರುಗದೆ ನೇರ ಹೋದರೆ ಒಂದು ಎಸ್ಟೇಟಿನ ಮಣ್ಣು ದಾರಿ, ಕಡಿದಾಗಿ ಮೇಲಕ್ಕೆ ಹತ್ತುತ್ತದೆ. ಮಂಜು ಇಳಿಯುತ್ತಿತ್ತು. ಇಳಿಜಾರಿನ ತಲೆಯಲ್ಲಿ ಕೀಲಿ ತಿರುಗಿಸಿದೆ.

ಅಷ್ಟು ದೊಡ್ಡ ಸದ್ದು ನಿಂತಾಗ ಉಳಿಯುವ ಮೌನ ಬೇರೆಯೇ. ಹಕ್ಕಿ ಇಲ್ಲ, ಜೀರುಂಡೆ ಇಲ್ಲ. ಟೈರು ಒದ್ದೆ ಟಾರಿನ ಮೇಲೆ ಉಸ್ಸೆನ್ನುವುದಷ್ಟೇ ಕೇಳುತ್ತಿತ್ತು. ಯಾರೋ ಪಕ್ಕದಲ್ಲೇ ಉಸಿರು ಬಿಟ್ಟಂತಾಗಿ ಎಡಗಡೆಯ ಸೀಟನ್ನು ತಿರುಗಿ ನೋಡಿದೆ. ಖಾಲಿ ಇತ್ತು. ಬ್ರೇಕ್ ತುಳಿದೆ, ಹಿಡಿಯಿತು. ಇನ್ನೊಮ್ಮೆ ತುಳಿದೆ, ಅರ್ಧ ಹಿಡಿಯಿತು. ಮೂರನೆಯ ಸಲ ಪೆಡಲು ಇಳಿಯಲೇ ಇಲ್ಲ. ಕೆಳಗಿನಿಂದ ಯಾರೋ ನನ್ನ ಅಂಗಾಲಿಗೆ ಅಂಗೈ ಕೊಟ್ಟು ತಡೆದು ಹಿಡಿದ ಹಾಗಿತ್ತು. ಎರಡೂ ಕಾಲಿನಿಂದ ತುಳಿದೆ, ಹಿಮ್ಮಡಿಯಿಂದ ಒದ್ದೆ. ಗೇರಿಗೆ ಕೈ ಹಾಕಿದರೆ ಕರಕರ ಎಂದು ಹೊರಗೆಸೆಯಿತು. ಹ್ಯಾಂಡ್ ಬ್ರೇಕು ಎಳೆದರೆ ಸಡಿಲವಾಗಿ ಎದ್ದು ಬಂತು. ಕಾರು ಸದ್ದಿಲ್ಲದೆ, ಅವಸರವಿಲ್ಲದೆ, ತನಗೆ ದಾರಿ ಗೊತ್ತು ಎಂಬಂತೆ ಇಳಿಯುತ್ತಲೇ ಇತ್ತು.

ತಿರುವಿನಲ್ಲಿ ಎಡಕ್ಕೆ ತಿರುಗಿಸುವ ಧೈರ್ಯ ಬರಲಿಲ್ಲ. ನೇರ ಬಿಟ್ಟೆ. ಮಣ್ಣು ದಾರಿ ಹತ್ತಿ, ಎರಡು ಕಡೆ ಕಾಫಿ ಗಿಡ ಸವರಿಕೊಂಡು, ಒಂದು ಹೆಂಚಿನ ಮನೆಯ ಅಂಗಳಕ್ಕೆ ಬಂದು ಕಾರು ತಾನಾಗಿ ನಿಂತಿತು.

ಜಗಲಿಯಲ್ಲಿ ಒಬ್ಬ ಮುದುಕಿ ಕೂತಿದ್ದರು. ಆ ತೋಟದ ಒಡತಿ, ಗಂಡ ತೀರಿಕೊಂಡು ಬಹಳ ವರ್ಷವಾದವರು. ಅವರ ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ನೀರು, ತಟ್ಟೆ ಮುಚ್ಚಿ ಇಟ್ಟಿತ್ತು.

"ಬನ್ನಿ, ಕೂತ್ಕಳಿ. ಮೇಲೆ ಸದ್ದು ನಿಂತಿದ್ದು ಕೇಳ್ತು. ಆಗ್ಲೇ ನೀರು ತಂದಿಟ್ಟೆ," ಎಂದರು.

ನಾನು ಇಳಿಯಲಿಲ್ಲ. ಅವರೇ ಅಂಗಳಕ್ಕೆ ಬಂದು ಲೋಟ ಕೈಗೆ ಕೊಟ್ಟರು. ನಾನು ಕುಡಿದು ಮುಗಿಸುವವರೆಗೆ ಕಾದು ಹೇಳಿದರು:

"ನೀವು ನಾಲ್ಕನೇರು."

"ಎಂತ ಅಮ್ಮಾ?"

"ಇದೇ ಕಾರು. ಬೇರೆ ಬೇರೆಯೋರು. ಎಲ್ರೂ ಇಲ್ಲೇ ಬಂದು ನಿಂತಿದ್ದು. ಮೊದಲ್ನೇರು ಆ ಮೆಟ್ಲ ಮೇಲೆ ಕೂತು ಅತ್ರು. ಮಿಲ್ಟ್ರಿಯೋರು ನೀರು ಕುಡ್ದು ವಾಂತಿ ಮಾಡ್ಕಂಡ್ರು. ಎರಡ್ನೇರು ಬಂದ್ ಹೋದ್ ದಿನವೇ ನಾನು ಕೆಳಗೆ ದಾರಿ ಬಾಯಲ್ಲಿದ್ದ ಗೇಟು ತೆಗ್ಸಿ ಹಾಕ್ದೆ. ದನ ನುಗ್ತವೆ. ನುಗ್ಲಿ."

ನನ್ನ ಬಾಯಿಂದ ಹೊರಟ ಮೊದಲ ಮಾತು ಕೃತಜ್ಞತೆಯದ್ದಲ್ಲ. "ಯಾರಿಗೂ ಹೇಳ್ಬೇಡಿ ಅಮ್ಮಾ," ಎಂದೆ.

ಅವರು ಲೋಟ ತೆಗೆದುಕೊಂಡರು. "ಅವ್ರೂ ಅದನ್ನೇ ಕೇಳ್ಕಂಡಿದ್ದು. ನಾನು ಹೇಳೋದಿಲ್ಲ. ಹೇಳ್ಬೇಕಾದೋರು ನೀವಲ್ವಾ."

ಇಂಜಿನ್ ಚಾಲೂ ಮಾಡಿ ಹೊರಟರೆ ಬ್ರೇಕು ಬೆಣ್ಣೆಯಂತೆ ಕೆಲಸ ಮಾಡಿತು. ನನ್ನನ್ನು ಹೆಚ್ಚು ಹೆದರಿಸಿದ್ದು ಅದೇ. ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದಿತ್ತು. ಬಿ.ಎಸ್ಸಿ. ಓದಿದ ನಾನು, ಆ ಕಾರಿನಲ್ಲಿ ಯಾರೋ ಇದ್ದಾರೆ ಎಂದು ನಂಬಿದೆ. ಮೆಕ್ಯಾನಿಕ್ಕನ್ನು ಕೇಳಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಬಹುದು. ಕೇಳಬೇಕಾದರೆ ಆದದ್ದನ್ನು ಹೇಳಬೇಕಿತ್ತು. ನಾನು ಆಗಲೇ ಕ್ಲಬ್ಬಿನಲ್ಲಿ ಆ ಇಳಿಜಾರನ್ನು ಎಷ್ಟು ವೇಗದಲ್ಲಿ ಇಳಿಯುತ್ತೇನೆ ಎಂದು ಕೊಚ್ಚಿಕೊಂಡಾಗಿತ್ತು.

ಮುಂದಿನ ಶನಿವಾರ ಕ್ಲಬ್ಬಿಗೆ ಹೋದೆ. ಹಿಂದಿನ ಮೂವರು ಒಡೆಯರೂ ಒಂದೇ ಮೇಜಿನಲ್ಲಿ ಇಸ್ಪೀಟು ಹಿಡಿದು ಕೂತಿದ್ದರು. ಮೂಡಿಗೆರೆಯ ವ್ಯಾಪಾರಿ, "ಹೆಂಗಿದೆ ಗಾಡಿ?" ಎಂದರು. ವಾರವಾರವೂ ಕೇಳುತ್ತಿದ್ದರು, ಯಾಕೆ ಅಷ್ಟು ಕಕ್ಕುಲತೆ ಎಂದು ನಾನು ಯೋಚಿಸಿರಲಿಲ್ಲ.

"ಗಾಡಿ ಚಂದ. ಬೆನ್ನು ನೋವು ಬರ್ತದೆ, ಕೊಟ್ಬಿಡ್ಬೇಕು ಅಂತಿದೀನಿ," ಎಂದೆ.

ಮೂವರ ಕಣ್ಣೂ ಒಟ್ಟಿಗೆ ಎಲೆಗಳ ಮೇಲೆ ಇಳಿದವು. ಯಾರೂ ನಗಲಿಲ್ಲ, ಯಾಕೆಂದು ಕೇಳಲಿಲ್ಲ. ಅಧಿಕಾರಿಗಳು ಒಂದು ಕುರ್ಚಿಯನ್ನು ಕಾಲಿನಿಂದಲೇ ನನ್ನ ಕಡೆ ದೂಡಿದರು. ಆ ಮೇಜಿನಲ್ಲಿ ನನಗೂ ಜಾಗ ಸಿಕ್ಕಿತ್ತು. ನನಗೆ ನಾಚಿಕೆಯೂ ಅಸಹ್ಯವೂ ಆಯಿತು, ಆದರೆ ಕೂತೆ.

ಕಾರು ಕೊಂಡವನು ನನ್ನ ಗೆಳೆಯ. ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಆರು ವರ್ಷ ಬೆಳೆದವರು ನಾವು. ಅವನ ತೋಟ ನನ್ನ ತೋಟದಿಂದ ನಾಲ್ಕು ಮೈಲಿ. ಬೇರೆ ಯಾರಿಗಾದರೂ ಕೊಡೋಣ ಎಂದು ನಾನು ಒದ್ದಾಡಿದೆ, ಅವನು ಬಿಡಲಿಲ್ಲ. ಕೀಲಿ ಕೊಡುವಾಗ ಅವನೇ ಕಟ್ಟಳೆ ಮುರಿದು ಕೇಳಿದ:

"ಇದ್ರಲ್ಲಿ ಎಂತಾದ್ರೂ ಇದ್ಯಾ ಮಾರಾಯ? ನೀನು ಹೇಳಿದ್ರೆ ಬಿಟ್ಟೆ."

"ಎಂತದೂ ಇಲ್ಲ," ಎಂದೆ. ಹೆದರಿದೆ ಎಂದು ಅವನೆದುರು ಒಪ್ಪಿಕೊಳ್ಳುವುದಕ್ಕಿಂತ ಅವನನ್ನು ಆ ಇಳಿಜಾರಿಗೆ ಕಳಿಸುವುದು ನನಗೆ ಸುಲಭವಾಯಿತು. ಇದನ್ನು ಬೇರೆ ಯಾವ ರೀತಿ ಬರೆದರೂ ಸುಳ್ಳಾಗುತ್ತದೆ.

ಆ ದಾರಿಗೆ ಗೇಟಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಾಲ್ವರನ್ನು ಉಳಿಸಿದ ದಾರಿ ಐದನೆಯವನನ್ನೂ ಉಳಿಸುತ್ತದೆ. ಎರಡು ತಿಂಗಳಾದ ಮೇಲೆ ಕಳಸದಿಂದ ಜೀಪಿನಲ್ಲಿ ಬರುವಾಗ ಆ ತಿರುವಿನಲ್ಲಿ ಇಬ್ಬರು ಕಬ್ಬಿಣದ ಗೇಟು ಕೂರಿಸುತ್ತಿದ್ದರು. ನೀರು ಕೊಟ್ಟ ಅಮ್ಮ ಮಗಳ ಮನೆಗೆ ಹೋದರಂತೆ, ತೋಟ ಕೈ ಬದಲಾಯಿತಂತೆ. ಹೊಸಬರಿಗೆ ದನದ ಕಾಟ. ಗೆಳೆಯನ ಮನೆಯ ಕವಲು ಬಂದಾಗ ಜೀಪು ನಿಧಾನ ಮಾಡಿದೆ. ಒಳಗೆ ಹೋಗಿ ಏನೆಂದು ಶುರು ಮಾಡುವುದು? ನಾಳೆ ಹೇಳಿದರಾಯಿತು ಎಂದು ಮುಂದೆ ಹೋದೆ. ಮರುದಿನ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೆಟ್ಟಿತು. ಅದರ ಮರುದಿನ ಮಳೆ. ನೆಪಕ್ಕೇನು ಬರ.

ಆ ಭಾನುವಾರವೇ ಅವನ ಬಲಗೈ ಮುರಿದ ಸುದ್ದಿ ಬಂತು. ಹೋದೆ. ಭುಜದಿಂದ ಬೆರಳಿನವರೆಗೆ ಪ್ಲಾಸ್ಟರು, ಕೆನ್ನೆಯ ಚರ್ಮ ಕಿತ್ತು ಹೋಗಿತ್ತು.

"ಜೀಪಿಂದ ಬಿದ್ದೆ," ಎಂದ, ಗೋಡೆ ನೋಡುತ್ತಾ.

"ನೋಡ್ಕಂಡು ಇಳೀಬಾರ್ದಾ," ಎಂದೆ ನಾನು.

ಅವನ ಹೆಂಡತಿ ಕಾಫಿ ತಂದಿಟ್ಟರು. ಕುಡಿದು ಎದ್ದು ಬರುವಾಗ ಶೆಡ್ಡಿನೊಳಗೆ ಕಪ್ಪೆ ಕಾರು ಕಂಡಿತು. ಅದರ ಬಲಭಾಗ ಮುಂದಿನಿಂದ ಹಿಂದಿನವರೆಗೆ ಸುಲಿದು ಹೋಗಿತ್ತು, ಫೈಬರಿನ ಎಳೆಗಳಲ್ಲಿ ಧರೆಯ ಕೆಂಪು ಮಣ್ಣು. ಎಡಭಾಗಕ್ಕೆ ಒಂದು ಗೀರೂ ಇರಲಿಲ್ಲ.

ಮೈ ಸರಿ ಮಾಡಲು ಕಾರು ಬಣಕಲ್ಲಿನ ಒಂದು ಗ್ಯಾರೇಜಿಗೆ ಹೋಯಿತು. ಬೇರೇನೋ ಕೆಲಸದ ನೆಪದಲ್ಲಿ ನಾನೂ ಅಲ್ಲಿಗೆ ಹೋಗಿ, ಬೀಡಿ ಹಚ್ಚಿ ಕೂತ ಮೆಕ್ಯಾನಿಕ್ಕನ್ನು, ಇದರ ಬ್ರೇಕು ಹೇಗೆ ಎಂದು ಕುತೂಹಲಕ್ಕೆ ಕೇಳುವವನ ಹಾಗೆ ಕೇಳಿದೆ.

"ಇದ್ರ ಬ್ರೇಕಿಗೆ ಇಂಜಿನ್ ಬಲ ಕೊಡ್ಬೇಕು ಸರ್. ಇಂಜಿನ್ ಎಳೆಯೋ ಗಾಳೀಲೇ ಅದು ಹಗುರಾಗಿ ಹಿಡಿಯೋದು. ಆಫ್ ಮಾಡಿದ್ರೆ ಎರಡು ಸಲ ಹಿಡೀತದೆ, ಆಮೇಲೆ ಕಲ್ಲು. ಯಾರು ತುಳಿದ್ರೂ ಇಳಿಯಲ್ಲ."

"ಜೀಪಿಗೆ?"

"ನಮ್ಮ ಹಳೇ ಜೀಪಿಗೆ ಅದೆಲ್ಲ ಎಲ್ಲಿದೆ? ಅದಕ್ಕೇ ಆಫ್ ಮಾಡಿ ಇಳಿಸ್ತೀರಿ ನೀವೆಲ್ಲ."

ಅವನು ಇಷ್ಟನ್ನೂ ಬೀಡಿ ಬಾಯಿಂದ ತೆಗೆಯದೆ ಹೇಳಿದ. ದೆವ್ವವಿಲ್ಲ, ಶಾಪವಿಲ್ಲ. ಇಂಜಿನ್ ಆಫ್ ಮಾಡಬೇಡ ಎಂಬ ಒಂದು ಮಾತು ಸಾಕಿತ್ತು. ನಾವು ಐವರು ಗಂಡಸರು ಆ ಮಾತಿನ ಹತ್ತಿರವೂ ಸುಳಿಯದೆ, ಒಬ್ಬರ ಹಿಂದೆ ಒಬ್ಬರು ಆ ತಿರುವಿಗೆ ಹೋಗಿದ್ದೆವು. ನನಗೆ ದೆವ್ವ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಗೆಳೆಯ ಕೈ ಸರಿಹೋದ ತಿಂಗಳಲ್ಲೇ ಕಾರು ಮಾರಿದ. ಅದಾದ ಮೇಲೆ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ. ಮದುವೆ ಮನೆಗಳಲ್ಲಿ ಎದುರಾದರೆ ತಲೆಯಾಡಿಸಿ ಆಚೆ ಹೋಗುತ್ತಿದ್ದ. ನಾನು ಹೇಳಲಿಲ್ಲ ಎಂಬುದು ಗೊತ್ತಾಗಿ ಕೋಪ ಎಂದುಕೊಂಡೆ. ನ್ಯಾಯದ ಕೋಪ, ನನಗೆ ಸಲ್ಲಬೇಕಾದ್ದೇ. ಕ್ಷಮೆ ಕೇಳಲು ಹಲವು ಸಲ ಹೊರಟೆ, ಕವಲಿನವರೆಗೆ ಹೋಗಿ ಬಂದೆ. ಹೀಗೇ ಹದಿಮೂರು ವರ್ಷ ಹೋಯಿತು.

ಒಂದು ಬೆಳಿಗ್ಗೆ ಅವನ ಮಗಳು ತನ್ನ ಮದುವೆಯ ಕಾಗದ ಕೊಡಲು ಬಂದಳು. ಅವಳು ಎಂಟು ವರ್ಷದವಳಿದ್ದಾಗ ಕೊನೆಯ ಸಲ ನನ್ನ ತೊಡೆಯ ಮೇಲೆ ಕೂತವಳು. ಅಪ್ಪ ಜೀಪಲ್ಲೇ ಕೂತಿದ್ದಾರೆ, ಬನ್ನಿ ಅಂದರೂ ಬರಲಿಲ್ಲ ಎಂದಳು. ಕಾಫಿ ಕುಡಿಯುತ್ತಾ ಹಳೆಯದೆಲ್ಲ ಮಾತಾಡಿದಳು.

"ಮಾಮ, ಆ ಹಸ್ರು ಕಾರು ನಿಮ್ದೇ ಅಲ್ವಾ ಮೊದ್ಲು? ಅದ್ರಲ್ಲಿ ಒಂದೇ ಸಲ ಹೋಗಿದ್ದು ನಾನು, ಅಪ್ಪನ್ ಜೊತೆ. ಸದ್ದೇ ಇಲ್ದೆ ಇಳೀತಾ ಇತ್ತು, ಎಷ್ಟು ಚಂದ ಗೊತ್ತಾ. ಕಣ್ಮುಚ್ಚಿ ಹತ್ತರವರೆಗೆ ಎಣ್ಸು ಪುಟ್ಟೀ ಅಂದ್ರು. ಎಣ್ಸಿದೆ. ಇನ್ನೊಂದ್ಸಲ ಎಣ್ಸು ಅಂದ್ರು. ಮೂರು ಸಲ ಎಣ್ಸಿದೆ. ಕಣ್ ಬಿಟ್ರೆ ನಿಂತಿತ್ತು, ಅಪ್ಪನ್ ಕೈಯೆಲ್ಲ ರಕ್ತ. ಏನಿಲ್ಲ, ಧರೆಗೆ ತಾಗ್ತು ಅಂದ್ರು. ಆಮೇಲೆ ಮತ್ತೊಂದ್ಸಲ ಹೋಗೋಣ ಅಂತ ಎಷ್ಟು ಕೇಳ್ದೆ. ಅಷ್ಟರಲ್ಲಿ ಮಾರೇಬಿಟ್ರು. ಯಾಕ್ ಮಾಮ ಅಷ್ಟು ಬೇಗ ಮಾರಿದ್ರು?"

ಎಡಗಡೆಯ ಸೀಟಿನಲ್ಲಿ ಇವಳಿದ್ದಳು. ನನಗೆ ಅದು ಗೊತ್ತಿರಲಿಲ್ಲ. ಲೋಟ ಕೆಳಗಿಟ್ಟೆ.

"ಹೆದ್ರಿ ಮಾರ್ದ ಮಗಾ. ನಾನೂ ಹೆದ್ರಿ ಮಾರಿದ್ದೆ. ಅವನಿಗೆ ಹೇಳಿರ್ಲಿಲ್ಲ."

ಅವಳ ಮುಖದ ನಗು ಆರಿತು. ಅವಳು ಏನು ಹೇಳುತ್ತಾಳೆಂದು ಕಾಯದೆ ಅಂಗಳಕ್ಕೆ ಇಳಿದೆ. ಗೆಳೆಯ ಜೀಪಿನ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತಿದ್ದ. ಕೂದಲು ಪೂರಾ ಬೆಳ್ಳಗಾಗಿತ್ತು.

"ಹೆದ್ರಿಕೆ ಆಗಿತ್ತು ಮಾರಾಯ. ನಿಂಗೆ ಹೇಳ್ಲಿಲ್ಲ. ಗೇಟು ಹಾಕಿದ್ದನ್ನೂ ನೋಡಿದ್ದೆ, ಹೇಳ್ಲಿಲ್ಲ."

ಅವನು ತಿರುಗಲಿಲ್ಲ. "ನಾನೂ ಹೇಳ್ಲಿಲ್ಲ," ಎಂದ.

"ಯಾರಿಗೆ?"

"ತಗೊಂಡೋರಿಗೆ. ಶೃಂಗೇರಿ ಕಡೆಯೋರು, ಹೊಸ್ದಾಗಿ ಮದ್ವೆ ಆದೋರು. ಅವ್ರ ಹೆಂಡ್ತಿ ಎಡಗಡೆ ಕೂತು ನಗ್ತಾ ಹೋದ್ರು. ನನ್ ಮಗಳು ಕೂತಿದ್ ಜಾಗ ಅದು. ನೋಡ್ತಾ ನಿಂತಿದ್ದೆ." ಡ್ಯಾಶ್ ಬೋರ್ಡಿನ ಮೇಲಿನಿಂದ ಒಂದು ಮದುವೆ ಕಾಗದ ತೆಗೆದು ತೋರಿಸಿದ. ಮೇಲೆ ಗಂಡ ಹೆಂಡತಿ ಇಬ್ಬರ ಹೆಸರೂ ಬರೆದಿತ್ತು. "ಹತ್ತು ದಿನದಿಂದ ಇಲ್ಲೇ ಇದೆ. ಕೊಡೋಕೆ ಹೋದ್ರೆ ಬಾಗ್ಲು ಯಾರು ತೆಗೀತಾರೋ, ಇಬ್ರೂ ಇದಾರೋ ಇಲ್ವೋ ಅಂತ ಹೆದ್ರಿಕೆ."

ಇಷ್ಟು ವರ್ಷ ಅವನು ನನ್ನ ಮುಖ ನೋಡದೇ ಇದ್ದದ್ದು ಕೋಪಕ್ಕಲ್ಲ ಎಂದು ಆಗ ತಿಳಿಯಿತು. ಅವನ ಪಕ್ಕ ಹತ್ತಿ ಕೂತೆ. ಮಗಳು ಹಿಂದೆ ಕೂತಳು.

ಶೃಂಗೇರಿಯ ಆಚೆಯ ಆ ಮನೆಯ ಬಾಗಿಲು ತೆಗೆದದ್ದು ಹೆಂಡತಿ. ಗೆಳೆಯನ ಉಸಿರು ಹೊರಗೆ ಬಿದ್ದದ್ದು ನನಗೆ ಕೇಳಿಸಿತು. ಆಕೆಯ ಹಿಂದೆಯೇ ಗಂಡನೂ ಬಂದರು. ಚಾಪೆ ಹಾಸಿ ಕೂರಿಸಿದರು, ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟಳು ಹುಡುಗಿ. ಆಮೇಲೆ ಗೆಳೆಯ, ಆ ಕಾರಿನ ವಿಷಯ ನಿಮಗೆ ಒಂದು ಹೇಳಬೇಕಿತ್ತು, ಆಗ ಹೇಳಲಿಲ್ಲ ಎಂದು ಶುರು ಮಾಡಿದ.

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಆಕೆ ಎದ್ದು ಒಳಗೆ ಹೋದರು. ಗಂಡ ಬಹಳ ಮೆಲ್ಲಗೆ ಹೇಳಿದರು:

"ನಮಗೂ ಆಯ್ತು ಸರ್. ಎರಡೇ ವಾರಕ್ಕೆ ಕೊಟ್ವಿ. ನಮ್ಮಿಂದ ತಗೊಂಡೋರು ಈಗ ಇಲ್ಲ."

ಹೇಗೆ ಎಂದು ನಾವು ಯಾರೂ ಕೇಳಲಿಲ್ಲ.